ನಡುಗುವ ಕಲ್ಲಿನ ಗಡಿಯಾರ

ಅಥವಾ ಗಡಿಯಾರದ ಈ ಮಾತು ನಡೆದದ್ದು ಅಕ್ಕನ ಮದುವೆಯಲ್ಲಿ ಅಲ್ಲವೋ ಏನೋ. ನೆನಪು ತನಗೆ ಬೇಕಾದ ಚಪ್ಪರದಲ್ಲಿ ಬೇಕಾದವರನ್ನು ತಂದು ಕೂರಿಸುತ್ತದೆ. ಆದರೂ ಕಣ್ಣಿಗೆ ಕಾಣುವುದು ತಾಂಡೂರಿನ ನಮ್ಮ ಮನೆಯೇ, ನಿಜಾಮರ ಕಾಲದ ಕೊನೆಯ ವರ್ಷಗಳು. ಮುಹೂರ್ತಕ್ಕೆ ಇನ್ನೂ ಹೊತ್ತಿದೆ ಎಂದು ನಮ್ಮ ಗೋಡೆ ಗಡಿಯಾರ ಹೇಳುತ್ತಿತ್ತು. ಬಂದೇಬಿಟ್ಟಿತು ಎಂದು ಜಹೀರಾಬಾದಿನಿಂದ ಬಂದಿದ್ದ ಬೀಗರ ಜೇಬಿನ ಗಡಿಯಾರ ಹೇಳುತ್ತಿತ್ತು. ತಪ್ಪು ಗಳಿಗೆಯಲ್ಲಿ ಅಕ್ಕಿಕಾಳು ಬಿದ್ದರೆ ಮಗಳ ಬಾಳು ಏನಾದೀತೆಂದು ಅವ್ವನ ಕಣ್ಣು ತುಂಬಿತ್ತು.

ದಂಡಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ ಬಂದಿದ್ದ ಸೋದರಮಾವ ನಡುವೆ ಬಾಯಿ ಹಾಕಿದ.

"ಸ್ಫಟಿಕದ ಗಡಿಯಾರ ಅಂತ ಅದಾವ್ರಿ. ಕಲ್ಲಿನ ಚೂರಿಗೆ ಕರೆಂಟ್ ಕೊಟ್ರ ಒಂದೇ ಸಮ ನಡಗತದ. ಆ ನಡುಕ ಎಣಿಸಿದ್ರ ಟೈಮ್ ತಪ್ಪಂಗಿಲ್ಲ."

ಬೀಗರು ನಕ್ಕರು. "ತಾಂಡೂರಾಗ ಮನೀ ಮನೀಗೆ ಹಾಸಿದ್ದು ಕಲ್ಲೇ. ಒಂದಾರ ನಡಗೇದೇನೋ ತಮ್ಮಾ?"

ಮದುವೆ ಮಾಡಿಸಲು ಬಂದಿದ್ದ ಅಯ್ಯನವರು ಮಾತ್ರ ನಗದೆ ಕೇಳಿದರು: "ಆ ಕಲ್ಲಿಗೆ ಮೊದಲ ಟೈಮ್ ಹೇಳಾವ್ರು ಯಾರಪ್ಪಾ?"

ಮಾವ ತಲೆ ಕೆರೆದುಕೊಂಡ. "ಬ್ಯಾರೆ ಯಾವ್ದಾರ ಗಡಿಯಾರ ನೋಡೇ ಟೈಮ್ ಹಚ್ಚಬೇಕ್ರಿ."

ಅಷ್ಟರಲ್ಲಿ ಬೀಗರ ಕಡೆಯವರು ತಮ್ಮ ಗಡಿಯಾರ ನಂಬಿ ಅಕ್ಕಿಕಾಳು ಎಸೆದೇಬಿಟ್ಟರು. ನಮ್ಮವರು ಮುಷ್ಟಿ ಬಿಗಿಹಿಡಿದು ನಿಂತು, ಗೋಡೆ ಗಡಿಯಾರ ಒಪ್ಪಿದ ಮೇಲೆ ಎಸೆದರು. ಅಯ್ಯನವರು ಬೇಸರವಿಲ್ಲದೆ ಎರಡು ಸಲವೂ ಮಂತ್ರ ಹೇಳಿದರು. ಅಕ್ಕನ ಮದುವೆ ಯಾರ ಅಕ್ಕಿಗೆ ಆಯಿತೋ, ಯಾವ ಗಡಿಯಾರ ಸರಿಯಿತ್ತೋ, ನನಗೆ ಗೊತ್ತಿಲ್ಲ.