ಅವ್ವನ ಟ್ರಂಕಿನಲ್ಲಿ ನನ್ನ ಕಣ್ಣಿನ ನಂಬರ್

ಫ್ರೆಂಡ್ಸ್, ಸಾರಿ, ಇಂಟರ್ನಲ್ಸ್ ವಾರದಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ.

ಕಾಲೇಜು ಸೇರುವ ಮುಂಚೆ, ಬೇಸಿಗೆ ಸೂಟಿಯಲ್ಲಿ ಕಣ್ಣಿಗೆ ಲೇಸರ್ ಮಾಡಿಸಿಕೊಂಡಿದ್ದೆ. ಆದರೂ ಕ್ಲಾಸಿನ ಬೋರ್ಡ್ ಮಸುಕು. ಸ್ವಲ್ಪ ನಂಬರ್ ಉಳಿದಿರಬೇಕು, ಇನ್ನೊಂದು ಸಲ ಲೇಸರ್ ಮಾಡಿದರೆ ಮುಗಿಯಿತು ಎಂದುಕೊಂಡು, ಇವತ್ತು ಕಲಘಟಗಿಯಿಂದ ಅವ್ವನನ್ನು ಕರೆಸಿಕೊಂಡು, ಆಗ ಲೇಸರ್ ಮಾಡಿದ್ದ ಹುಬ್ಬಳ್ಳಿಯ ಡಾಕ್ಟರ್ ಹತ್ತಿರ ಹೋದೆ.

ಅವರು ಟೆಸ್ಟ್ ಮಾಡಿ, "ಇದು ಉಳಿದ ನಂಬರ್ ಅಲ್ಲ, ಹೊಸದಾಗಿ ಬೆಳೆದದ್ದು. ನಂಬರ್ ಬದಲಾಗ್ತಾ ಇದ್ರೆ ಲೇಸರ್ ಮಾಡೋದೇ ಇಲ್ಲ. ಒಂದು ವರ್ಷದಿಂದ ನಂಬರ್ ಬದಲಾಗಿಲ್ಲ ಅಂತ ಆವಾಗ ಹೇಳಿದ್ರಲ್ಲ?" ಎಂದರು.

ನಾನು ಹಾಗೆ ಹೇಳಿಯೇ ಇರಲಿಲ್ಲ! ಆ ತಪಾಸಣೆಯ ದಿನ ಕಣ್ಣಿಗೆ ಹನಿ ಹಾಕಿಸಿಕೊಂಡು ಹೊರಗೆ ಕೂತಿದ್ದೆ.

ಅವ್ವ ಸೆರಗು ಸರಿಮಾಡಿಕೊಂಡಳು. "ನಾನ ಹೇಳಿದ್ನಿರಿ. ಹಿಂದಿನ ವರ್ಷದ ಚಷ್ಮಾ ನಂಬರಿನ ಚೀಟಿ ಕಳದೈತಿ ಅಂದಿದ್ನಿ. ಟ್ರಂಕಿನ್ಯಾಗ ಐತಿ."

"ಯವ್ವಾ! ಯಾಕ ಬೇ?"

"ಸೂಟಿ ಮುಗದ್ರ ನೀ ಹಾಸ್ಟೆಲ್ಲಿಗೆ ಹೊಂಟಿದ್ದಿ. ಅಲ್ಲಿ ತಾಸಿಗೊಮ್ಮೆ ಡ್ರಾಪ್ಸ್ ಹಾಕಾಕ ನಿಮ್ಮ ವಾರ್ಡನ್ ಬರ್ತಿದ್ಲೇನು?"

ಎರಡನೇ ಲೇಸರ್ ಯಾವಾಗ ಎಂದು ಡಾಕ್ಟರನ್ನು ಕೇಳಿದೆ. ಇನ್ನು ನಂಬರ್ ಒಂದು ವರ್ಷ ಅಲುಗದೆ ನಿಲ್ಲಬೇಕಂತೆ. ಆಮೇಲೂ ಕಾರ್ನಿಯಾದ ದಪ್ಪ ಸಾಕಾಗದಿದ್ದರೆ ಎರಡನೇ ಲೇಸರ್ ಇಲ್ಲವೇ ಇಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಅವ್ವ ಡಾಕ್ಟರ್‌ಗೆ ಹೇಳಿದ್ದು: "ದೀಪಾವಳಿ ಸೂಟ್ಯಾಗ ನಾ ಖಾಲಿ ಇರ್ತೀನಿ ನೋಡ್ರಿ."

ಅವ್ವ ನನ್ನ ಕಣ್ಣಿಗೊಂದು ಟೈಮ್‌ಟೇಬಲ್ ಬರೆದುಕೊಡುವುದಷ್ಟೇ ಬಾಕಿ. ನಿಮ್ಮಲ್ಲಿ ಯಾರಾದರೂ ಎರಡನೇ ಸಲ ಲೇಸರ್ ಮಾಡಿಸಿಕೊಂಡಿದ್ದರೆ, ದಯವಿಟ್ಟು ಇವತ್ತೇ ಉತ್ತರಿಸಿ.