ಬುಧವಾರ ಭರ್ತಿಯಾಗಿದೆ

ಪುಟ್ಟಕ್ಕನಿಗೆ ನಲವತ್ತೆಂಟು ವರ್ಷ. ಮಗಳಿಗೆ ಮದುವೆಯಾಗಿದೆ, ಆಗಾಗ ಸೊಂಟ ಹಿಡಿದುಕೊಳ್ಳುತ್ತದೆ, ಬಣ್ಣದ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಲು ಕನ್ನಡಕ ಬೇಕು. ಆದರೂ ಬೀದಿಗೆಲ್ಲ ಅವಳು ಪುಟ್ಟಕ್ಕನೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿನ ಬ್ಯೂಟಿ ಪಾರ್ಲರಿಗೆ ಕೂದಲು ಗುಡಿಸಲು ಸೇರಿದಾಗ ಒಡತಿ ಅವಳನ್ನು 'ಪುಟ್ಟಿ' ಎಂದು ಕರೆದರು, ಗಿರಾಕಿಗಳು ಮರ್ಯಾದೆಗೆ ಒಂದು 'ಅಕ್ಕ' ಸೇರಿಸಿದರು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಆ ಒಡತಿಯನ್ನು ಪುಟ್ಟಕ್ಕ ದೊಡ್ಡಮ್ಮ ಎನ್ನುತ್ತಿದ್ದಳು. ರಕ್ತಸಂಬಂಧವೇನೂ ಇಲ್ಲ. ದೊಡ್ಡಮ್ಮ ಕೆಲಸ ಕಲಿಸಿದ್ದು ಮುದ್ದು ಮಾಡಿಯಲ್ಲ, ಬೈದೇ. ಮೊದಲ ವರ್ಷ ಕತ್ತರಿ ಮುಟ್ಟಗೊಡಲಿಲ್ಲ. ಬಾಚಣಿಗೆ ಹಿಡಿಯುವುದು ಗೊತ್ತಿಲ್ಲದವಳಿಗೆ ಕತ್ತರಿ ಯಾಕೆ ಎನ್ನುತ್ತಿದ್ದರು. ಆಮೇಲೆ ಒಂದು ದಿನ ತಾವೇ ಕುರ್ಚಿಯಲ್ಲಿ ಕೂತು, ಕತ್ತರಿಸು ಎಂದರು. ಪುಟ್ಟಿ ಕೈ ನಡುಗಿಸಿಕೊಂಡು ಕತ್ತರಿಸಿದಳು. ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ಭುಜದವರೆಗೆ. ಇಲಿ ಕಡಿದಂತಿದ್ದ ಆ ತಲೆಯನ್ನು ಹೊತ್ತುಕೊಂಡೇ ದೊಡ್ಡಮ್ಮ ಸಂತೆ, ಮದುವೆ, ಬ್ಯಾಂಕು ಎಲ್ಲ ಓಡಾಡಿದರು. ಯಾರಾದರೂ ಕೇಳಿದರೆ, ನಮ್ಮ ಹುಡುಗಿ ಕಲೀತಿದಾಳೆ ಎನ್ನುತ್ತಿದ್ದರು. ಬೈಗುಳವೆಲ್ಲ ಅಂಗಡಿಯೊಳಗೆ, ಹೊರಗೆ ಒಂದು ಮಾತೂ ಬಿಟ್ಟುಕೊಡುತ್ತಿರಲಿಲ್ಲ.

ಮುಂದೆ ದೊಡ್ಡಮ್ಮನ ಕೈಯೇ ನಡುಗತೊಡಗಿತು. ಡಾಕ್ಟರು ಇದು ಹೋಗುವ ನಡುಕವಲ್ಲ ಎಂದ ಮರುದಿನವೇ ಅವರು ಅಂಗಡಿಯ ಬಾಡಿಗೆ ಕರಾರನ್ನು ಪುಟ್ಟಕ್ಕನ ಹೆಸರಿಗೆ ಮಾಡಿಸಿದರು. ಕುರ್ಚಿ, ಕನ್ನಡಿ, ಡ್ರೈಯರು, ಇಷ್ಟು ವರ್ಷದ ಗಿರಾಕಿಗಳು, ಎಲ್ಲವನ್ನೂ ಒಂದೇ ಮಾತಿನಲ್ಲಿ ಕೊಟ್ಟುಬಿಟ್ಟರು. ಬದಲಿಗೆ ಅವರು ಕೇಳಿದ್ದು, ಇನ್ನು ನನ್ನ ತಲೆ ನೋಡಿಕೊಳ್ಳುವವಳು ನೀನು ಎಂದು ಅಷ್ಟೇ.

ಹಾಗೆ ಬುಧವಾರಗಳು ಶುರುವಾದವು. ದೊಡ್ಡಮ್ಮನಿಗೆ ಮೊಣಕಾಲು ಸರಿಯಿಲ್ಲ, ಮಗನಿಗೆ ವಾರದ ರಜೆ ಬುಧವಾರ. ಮಗ ಎರಡು ಗಂಟೆಗೆ ಕರೆತಂದು ಬಿಟ್ಟು ನಾಲ್ಕಕ್ಕೆ ಬಂದು ಕರೆದೊಯ್ಯುತ್ತಿದ್ದ. ಬೇರೆ ದಿನ, ಬೇರೆ ಹೊತ್ತಿನಲ್ಲಿ ಅವರು ಮನೆ ಬಿಟ್ಟು ಹೊರಡುವ ಹಾಗೇ ಇರಲಿಲ್ಲ. ತಲೆ ತೊಳೆದು, ಬೇಕಾದಾಗ ಬಣ್ಣ ಹಚ್ಚಿದರೆ ಕೆಲಸ ಮುಗಿಯಿತು. ಆದರೆ ದೊಡ್ಡಮ್ಮ ಸುಮ್ಮನೆ ಕೂರುವ ಆಸಾಮಿಯಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಪಕ್ಕದ ಕುರ್ಚಿಯ ಗಿರಾಕಿಯನ್ನೇ ನೋಡುತ್ತಿದ್ದರು. "ಪುಟ್ಟಿ, ಎಡಗಡೆ ಭಾರ ಆಯ್ತು." "ಪುಟ್ಟಿ, ಮಣಿಕಟ್ಟು ಸಡಿಲ ಬಿಡು." ಗಿರಾಕಿ ಕನ್ನಡಿಯಲ್ಲಿ ತನ್ನ ಎಡಗಡೆಯನ್ನು ಅನುಮಾನದಿಂದ ನೋಡಿಕೊಳ್ಳುವಳು. ಪುಟ್ಟಕ್ಕ ಹಲ್ಲು ಕಚ್ಚಿಕೊಂಡು ನಗುವಳು. ಗುರುವನ್ನು ಗಿರಾಕಿಯ ಎದುರು ಸುಮ್ಮನಿರಿ ಎನ್ನಲು ಯಾರಿಗೆ ತಾನೇ ಬಾಯಿ ಬಂದೀತು?

ಒಂದು ಬುಧವಾರ ಅದು ಮಾತಿನಲ್ಲಿ ನಿಲ್ಲಲಿಲ್ಲ. ಹೊಸ ಗಿರಾಕಿ ಒಬ್ಬಳು ಬಂದಿದ್ದಳು, ದೊಡ್ಡ ಕಚೇರಿಯಲ್ಲಿ ಅಧಿಕಾರಿ, ಮರುದಿನ ಯಾವುದೋ ಸಭೆ ಇತ್ತು. ಹಣೆಯ ಮೇಲಿನ ಕೂದಲು ಕತ್ತರಿಸುವಾಗ ದೊಡ್ಡಮ್ಮ ತಡೆಯಲಾರದೆ ಎದ್ದು ಬಂದು, ಹೀಗಲ್ಲ ಕಣೆ ಎಂದು ಪುಟ್ಟಕ್ಕನ ಕೈಯಿಂದ ಕತ್ತರಿ ತೆಗೆದುಕೊಂಡುಬಿಟ್ಟರು. ನಡುಗುವ ಕೈ. ಒಂದೇ ಕಟ್, ಅದೂ ಓರೆ. ಹುಬ್ಬಿನ ಮೇಲೆ ಬೀಳಬೇಕಿದ್ದ ಕೂದಲು ಹಣೆಯ ನಡುವೆಯೇ ನಿಂತಿತು. ಅಧಿಕಾರಿ ಏಪ್ರನ್ ಕಿತ್ತೆಸೆದು ಹೋದಳು. ಸಂಜೆಯೊಳಗೆ ಇಂಟರ್‌ನೆಟ್ಟಿನಲ್ಲಿ ಅಂಗಡಿಯ ಹೆಸರಿನ ಕೆಳಗೆ, ಇಲ್ಲಿ ಯಾರು ಕತ್ತರಿಸುತ್ತಾರೆಂದು ಅವರಿಗೇ ಗೊತ್ತಿಲ್ಲ ಎಂದು ಎಲ್ಲರೂ ಓದುವಂತೆ ಬರೆದು ಹಾಕಿದಳು. ದೊಡ್ಡಮ್ಮ ಮಾತ್ರ ಮನೆಗೆ ಹೋಗುವಾಗ, ಈಗಿನವರಿಗೆ ತಾಳ್ಮೆಯೇ ಇಲ್ಲ ಎಂದು ಹೋದರು.

ಇದಾದ ಕೆಲವೇ ದಿನಕ್ಕೆ ಪುಟ್ಟಕ್ಕನ ನಾದಿನಿ ಅಂಗಡಿಯ ವೆಬ್‌ಸೈಟಿನಲ್ಲಿ ಬುಕಿಂಗ್ ಫಾರ್ಮ್ ಹಾಕಿಕೊಡಲು ಬಂದಳು. ವೆಬ್‌ಸೈಟ್ ಅವಳೇ ಮಾಡಿದ್ದು. ಅದರಲ್ಲಿ ಇದ್ದದ್ದು ಅಂಗಡಿಯ ಫೋಟೊ, ವಿಳಾಸ, ಫೋನ್ ನಂಬರು, ಅಷ್ಟೇ. ಕೈಯೆಲ್ಲ ಬಣ್ಣವಾಗಿರುವಾಗಲೇ ಫೋನು ಬಡಿದುಕೊಳ್ಳುತ್ತಿತ್ತು; ಮೊಣಕೈಯಿಂದ ಒತ್ತಿ, ಕಿವಿ ಭುಜದ ನಡುವೆ ಸಿಕ್ಕಿಸಿಕೊಂಡು ಮಾತಾಡಿ ಪುಟ್ಟಕ್ಕನ ಕುತ್ತಿಗೆ ಒಂದು ಕಡೆಗೇ ವಾಲಿತ್ತು. ಈಗ ಗಿರಾಕಿಗಳೇ ಹೆಸರು, ನಂಬರು ಬರೆದು, ಏನು ಮಾಡಿಸಬೇಕು, ಯಾವ ಹೊತ್ತಿಗೆ ಎಂದು ಆರಿಸಿ ಒತ್ತಿದರೆ ಸಾಕು. ನಾದಿನಿ ಲ್ಯಾಪ್‌ಟಾಪನ್ನು ಶಾಂಪೂ ಬಾಟಲಿಗಳ ನಡುವೆ ಇಟ್ಟುಕೊಂಡು ಒಂದೊಂದೇ ಕೇಳುತ್ತ ಹೋದಳು. ಕಟಿಂಗಿಗೆ ಎಷ್ಟು ಹೊತ್ತು, ಬಣ್ಣಕ್ಕೆ ಎಷ್ಟು, ಊಟದ ಹೊತ್ತು ಯಾವುದು, ರಜೆ ಯಾವತ್ತು.

"ಸೋಮವಾರ ರಜೆ" ಎಂದಳು ಪುಟ್ಟಕ್ಕ. ಆಮೇಲೆ ಬ್ರಷ್ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿ, "ಬುಧವಾರ ಎರಡರಿಂದ ನಾಲ್ಕು ಯಾರಿಗೂ ಸಿಗೋದು ಬೇಡ" ಎಂದಳು.

"ಯಾಕತ್ತಿಗೆ?"

"ಸಾಮಾನು ತರೋದು ಗೀಮಾನು ತರೋದು ಇರುತ್ತಲ್ಲ."

ನಾದಿನಿ ಹೆಚ್ಚು ಕೆದಕಲಿಲ್ಲ. ಆ ಹೊತ್ತಿಗೆ 'ಮುಚ್ಚಿದೆ' ಎಂದು ತೋರಿಸಲೋ, 'ಭರ್ತಿಯಾಗಿದೆ' ಎಂದು ತೋರಿಸಲೋ ಎಂದು ಕೇಳಿದಳು. ಪುಟ್ಟಕ್ಕ ಯೋಚಿಸಿದಳು. ಮುಚ್ಚಿದೆ ಎಂದರೆ ದೊಡ್ಡಮ್ಮ ಯಾಕೆ ಮುಚ್ಚಿದೆ, ಮೈ ಹುಷಾರಿಲ್ಲವೇ ಎಂದು ಫೋನ್ ಮಾಡುತ್ತಾರೆ. ಭರ್ತಿ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಮುಖ ಕೊಟ್ಟು ಹೇಳಲಾರದ್ದನ್ನು ಪರದೆ ಹೇಳುತ್ತದೆ, ಕೈಗೂ ಅಂಟುವುದಿಲ್ಲ, ಬಾಯಿಗೂ ಅಂಟುವುದಿಲ್ಲ. ಭರ್ತಿ ಎಂದೇ ಹಾಕಿಸಿದಳು. ಜಾಣತನ ಎಂದುಕೊಂಡಳು ಪಾಪ.

ಇನ್ನು ಮುಂದೆ ವೆಬ್‌ಸೈಟಿನಲ್ಲಿ ಬುಕ್ ಮಾಡಿದವರಿಗೆ ಮಾತ್ರ ಎಂದು ಬಾಗಿಲಿಗೆ ಬೋರ್ಡು ತೂಗಿತು. ದೊಡ್ಡಮ್ಮನಿಗೆ ಪುಟ್ಟಕ್ಕ ಅದನ್ನು ಫೋನಿನಲ್ಲಿ ತಿಳಿಸಿದಳು. ಆದರೆ ಅವರು ಬೇಜಾರು ಮಾಡಿಕೊಳ್ಳಲೇ ಇಲ್ಲ. "ಒಳ್ಳೇದಾಯ್ತು ಬಿಡೇ. ನಂಗೊಂದು, ಊರಿಗೊಂದು ಅಂತ ಮಾಡ್ಬೇಡ. ಪಕ್ಕದ ಮನೆಯವಳ ಹತ್ರ ಮೊಬೈಲ್ ಇದೆ, ಬುಕ್ ಮಾಡಿಸ್ತೀನಿ" ಎಂದರು.

ಮೊದಲ ಬುಧವಾರ ಪುಟ್ಟಕ್ಕ ನೆಮ್ಮದಿಯಿಂದ ಕಾಲು ಚಾಚಿ ಚಹಾ ಕುಡಿದಳು. ಎರಡನೆಯದಕ್ಕೆ ಆ ನೆಮ್ಮದಿ ಬರಲಿಲ್ಲ. ಆಮೇಲೊಂದು ಬುಧವಾರ ಕಾಲೇಜು ಹುಡುಗಿಯೊಬ್ಬಳು ಒಳಗೆ ಇಣುಕಿ, ಖಾಲಿ ಇದೆಯಲ್ಲ ಆಂಟಿ, ತುದಿ ಮಾತ್ರ ಕತ್ತರಿಸಿ ಎಂದು ದೊಡ್ಡಮ್ಮನ ಕುರ್ಚಿಯಲ್ಲೇ ಕೂತಳು. ಕತ್ತರಿಸುತ್ತ ಪುಟ್ಟಕ್ಕನಿಗೆ ಎಡಗಡೆ ಭಾರವಾದಂತೆ ಕಂಡಿತು. ಹೇಳುವವರು ಯಾರೂ ಇರಲಿಲ್ಲ. ಅಲ್ಲಿಂದಾಚೆ ಆ ಹೊತ್ತಿನಲ್ಲಿ ಯಾರೇ ಬಂದರೂ ಭರ್ತಿ ಎಂದು ಹೇಳಿ ಕಳಿಸತೊಡಗಿದಳು. ಅವರು ಖಾಲಿ ಕುರ್ಚಿಗಳನ್ನೂ ಅವಳನ್ನೂ ನೋಡಿ, ಇವಳಿಗೆ ಏನೋ ಆಗಿದೆ ಎಂದುಕೊಂಡು ಹೋಗುತ್ತಿದ್ದರು. ತೊಳೆದ ಬಾಚಣಿಗೆಯನ್ನೇ ಮತ್ತೆ ತೊಳೆಯುತ್ತ, ಯಾರನ್ನೂ ಕರೆಯಲಾಗದೆ, ಬಾಗಿಲು ಮುಚ್ಚಲೂ ಮನಸ್ಸು ಬಾರದೆ ಅವಳು ನಾಲ್ಕು ಗಂಟೆಗೆ ಕಾಯುತ್ತಿದ್ದಳು. ಹೇಳಿಬಿಡೋಣ ಎಂದು ಎಷ್ಟೋ ಸಲ ಫೋನ್ ತೆಗೆದಳು. ಏನೆಂದು ಹೇಳುವುದು?

ಹೀಗೇ ತಿಂಗಳುಗಳು ಕಳೆದ ಮೇಲೆ ದೊಡ್ಡಮ್ಮನ ಪಕ್ಕದ ಮನೆಯಾಕೆ ಒಂದು ಶುಕ್ರವಾರ ಹುಬ್ಬು ಮಾಡಿಸಲು ಬಂದಳು. ಕಣ್ಣು ಮುಚ್ಚಿ ತಲೆ ಹಿಂದಕ್ಕೆ ವಾಲಿಸಿ, ನೋವಿನ ನಡುವೆಯೇ ಮಾತಿಗೆ ಶುರುವಿಟ್ಟುಕೊಂಡಳು. ಪುಟ್ಟಕ್ಕನ ಹಲ್ಲಿನಲ್ಲಿ ದಾರ ಇತ್ತು, ಹಾಗಾಗಿ ಸುಮ್ಮನೆ ಕೇಳಬೇಕಾಯಿತು.

"ನಿಮ್ಮ ದೊಡ್ಡಮ್ಮನ ಜಂಬ ಕೇಳ್ಬೇಕು ನೀವು. ಪ್ರತಿ ಮಂಗಳವಾರ ಬರ್ತಾರೆ, ನಾಳೆಗೆ ಜಾಗ ಇದ್ಯಾ ನೋಡು ಅಂತ. ನಾನು ಭರ್ತಿ ಅಂತ ಓದಿದ್ರೆ ಬೇಜಾರಾಗ್ಬೇಕು ತಾನೆ? ಇಲ್ಲ, ಖುಷಿ. ನಮ್ಮ ಪುಟ್ಟಿಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ ನೋಡು ಅಂತ ಇಡೀ ಬೀದಿಗೆ ಹೇಳ್ಕೊಂಡು ಬರ್ತಾರೆ. ಕೂದಲು ಕಿವಿವರೆಗೂ ಬೆಳ್ಳಗಾಗಿದೆ. ಬೇರೆ ಕಡೆ ಹೋಗಿ ಅಂದ್ರೆ, ನನ್ನ ಹುಡುಗಿ ಇರುವಾಗ ಇನ್ನೊಬ್ಬರಿಗೆ ಯಾಕೆ ತಲೆ ಕೊಡ್ಲಿ, ನನ್ನ ಸರದಿ ಬರುತ್ತೆ ಬಿಡು ಅಂತಾರೆ."

ದಾರ ತುಂಡಾಯಿತು. ಆಕೆ ಹಾ ಎಂದು ಹಣೆ ಉಜ್ಜಿಕೊಂಡಳು. ಪುಟ್ಟಕ್ಕ ಕ್ಷಮಿಸಿ ಎಂದಳು, ಅದು ತನಗೇ ಎಂದು ಆಕೆ ತಿಳಿದಳು. ಅವತ್ತು ಉಳಿದ ಕೆಲಸವನ್ನೆಲ್ಲ ಪುಟ್ಟಕ್ಕ ಹೇಗೆ ಮುಗಿಸಿದಳೋ ಅವಳಿಗೇ ತಿಳಿಯದು. ತನ್ನ ಮೇಲೆಯೇ ಅಸಹ್ಯವಾಗಿತ್ತು. ದೊಡ್ಡಮ್ಮ ಬೈದಿದ್ದರೆ, ಮುನಿಸಿಕೊಂಡಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಅವಳ ಸುಳ್ಳನ್ನು ಅವರು ಅವಳ ಏಳಿಗೆ ಎಂದು ಬೀದಿಗೆಲ್ಲ ಹಂಚುತ್ತಿದ್ದರು.

ಮುಂದಿನ ಬುಧವಾರ ಬಣ್ಣ, ಬಟ್ಟಲು, ಬ್ರಷ್ಷು, ಟವೆಲ್ಲು ಚೀಲಕ್ಕೆ ತುಂಬಿಕೊಂಡು, ಅಂಗಡಿಗೆ ಬೀಗ ಹಾಕಿ ದೊಡ್ಡಮ್ಮನ ಮನೆಗೆ ನಡೆದಳು. ತಲೆಗೆ ಬಣ್ಣ ಹಚ್ಚಿ ಬರೋಣ, ಆಮೇಲೆ ಫಾರ್ಮಿನಲ್ಲಿ ಬುಧವಾರ ತೆರೆಸೋಣ, ನಡೆದದ್ದು ಯಾರಿಗೂ ತಿಳಿಯುವುದು ಬೇಡ ಎಂಬುದು ದಾರಿಯಲ್ಲಿ ಹಾಕಿಕೊಂಡ ಲೆಕ್ಕ. ಮಗ ಬಾಗಿಲು ತೆರೆದು, ಒಳ್ಳೇದಾಯ್ತಕ್ಕ, ನೀವಿಬ್ಬರೂ ಮಾತಾಡ್ಕೊಳ್ಳಿ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ದೊಡ್ಡಮ್ಮ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಬಂದರು. ಪಕ್ಕದ ಮನೆಯಾಕೆ ಹೇಳಿದ್ದು ಕಡಿಮೆಯೇ. ಬೆಳ್ಳಗಿನ ತಲೆ, ತುದಿಯಲ್ಲಿ ಮಾಸಿದ ಕಪ್ಪು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಜುಟ್ಟು. ಜೀವನವೆಲ್ಲ ಬೇರೆಯವರ ತಲೆ ಚಂದ ಮಾಡಿದ ಹೆಂಗಸು. ಪುಟ್ಟಕ್ಕನನ್ನು ಕಂಡು ಅವರ ಮುಖ ಅರಳಿತು, ಮರುಕ್ಷಣ ಗಡಿಯಾರ ನೋಡಿ ಬಿಗಿಯಿತು.

"ಅಂಗಡಿ ಯಾರಿಗೆ ಬಿಟ್ಟು ಬಂದೆ?"

"ಬೀಗ ಹಾಕಿ ಬಂದೆ ದೊಡ್ಡಮ್ಮ. ನಿಮ್ಮ ತಲೆ ನೋಡ್ಕೊಂಡು ಹೋಗೋಣ ಅಂತ."

"ಬುಕ್ ಮಾಡ್ಕೊಂಡು ಬಂದೋರು ಬಾಗಿಲಲ್ಲಿ ನಿಂತಿರ್ತಾರಲ್ಲೇ. ಇದನ್ನೇನೇ ನಾನು ಕಲಿಸಿದ್ದು? ನಡಿ ಮೊದಲು."

ಪರವಾಗಿಲ್ಲ, ಅವರು ಕಾಯುತ್ತಾರೆ ಎಂದಳು ಪುಟ್ಟಕ್ಕ. ದೊಡ್ಡಮ್ಮ ಕೇಳಲಿಲ್ಲ. ಕುರ್ಚಿ ಎಳೆದು ಇಟ್ಟರೆ ಕೂರಲಿಲ್ಲ. ಅವಳ ಚೀಲವನ್ನು ಅವಳ ಹೆಗಲಿಗೇ ಮತ್ತೆ ಏರಿಸಿ, ಬೆನ್ನ ಮೇಲೆ ಕೈಯಿಟ್ಟು ಬಾಗಿಲ ಕಡೆಗೆ ದೂಡತೊಡಗಿದರು. ನನ್ನ ತಲೆ ಎಲ್ಲಿಗೂ ಓಡಿಹೋಗುವುದಿಲ್ಲ, ಬಂದ ಗಿರಾಕಿ ಓಡಿಹೋಗುತ್ತಾರೆ ಎಂದರು. ಇನ್ನೊಂದು ಸುಳ್ಳು ಹೇಳಿದರೆ ಅವರು ಕೂರಬಹುದಿತ್ತು. ಅದು ನಾಲಗೆಯ ತುದಿಗೆ ಬಂದೂ ಇತ್ತು. ಬೆನ್ನ ಮೇಲೆ ನಡುಗುತ್ತಿದ್ದ ಆ ಕೈಯನ್ನು ಪುಟ್ಟಕ್ಕ ತಾಳಲಾರದೆ ಹೋದಳು.

"ಯಾರೂ ಬಂದಿರಲ್ಲ ದೊಡ್ಡಮ್ಮ. ಬುಧವಾರ ಯಾರೂ ಬುಕ್ ಮಾಡಿಲ್ಲ. ಭರ್ತಿ ಅಂತ ತೋರಿಸೋ ಹಾಗೆ ನಾನೇ ಹಾಕಿಸಿದ್ದು. ನೀವು ಬರಬಾರದು ಅಂತ."

ಕೈ ಬೆನ್ನಿನಿಂದ ಇಳಿಯಿತು. ತಿರುಗಿ ನೋಡುವ ಧೈರ್ಯ ಪುಟ್ಟಕ್ಕನಿಗೆ ಬರಲಿಲ್ಲ.

"ಆವತ್ತು ಕತ್ತರಿ ಕಿತ್ಕೊಂಡೆನಲ್ಲ, ಅದಕ್ಕಾ?"

"ಹೂಂ."

"ಬರಬೇಡಿ ಅಂದಿದ್ರೆ ಬರ್ತಿರಲಿಲ್ಲ ಕಣೆ" ಎಂದರು ದೊಡ್ಡಮ್ಮ. ಬಂದು ಕುರ್ಚಿಯಲ್ಲಿ ಕೂತರು. ರಬ್ಬರ್ ಬ್ಯಾಂಡನ್ನು ತಾವೇ ತೆಗೆದುಕೊಂಡರು.

ಪುಟ್ಟಕ್ಕ ಬಣ್ಣ ಕಲಸಿದಳು. ಗಟ್ಟಿಯಾಯಿತು ಎನ್ನುತ್ತಾರೆಂದು ಕಾದಳು, ಅವರು ಎನ್ನಲಿಲ್ಲ. ಬೈತಲೆ ತೆಗೆದಳು, ಓರೆಯಾಯಿತು ಎನ್ನಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರ ಬಾಯಿ ಸುಮ್ಮನಿದ್ದದ್ದಿಲ್ಲ, ಆ ಬಾಯಿ ಮುಚ್ಚಲೆಂದೇ ಅವಳು ಇಷ್ಟೆಲ್ಲ ಮಾಡಿದ್ದು, ಈಗ ಮುಚ್ಚಿತ್ತು. ತಪ್ಪು ಕಂಡರಾದರೂ ಬೈದಾರು ಎಂದು ಬೇಕೆಂದೇ ಬ್ರಷ್ಷನ್ನು ಹೆಚ್ಚು ಅದ್ದಿದಳು. ಬಣ್ಣ ಕಿವಿಯ ಮೇಲೆ ಹರಿಯಿತು. ದೊಡ್ಡಮ್ಮ ಟವೆಲಿನ ಅಂಚಿನಿಂದ ಸದ್ದಿಲ್ಲದೆ ಒರೆಸಿಕೊಂಡರು. ಪುಟ್ಟಕ್ಕನ ಕಣ್ಣಿಂದ ನೀರು ಇಳಿಯತೊಡಗಿತು. ಕೈಗವಸು ಹಾಕಿದ ಕೈಯಲ್ಲಿ ಒರೆಸಿಕೊಳ್ಳಲೂ ಆಗಲಿಲ್ಲ.

ಅಷ್ಟರಲ್ಲಿ ತೆರೆದೇ ಇದ್ದ ಬಾಗಿಲಿನಿಂದ ಪಕ್ಕದ ಮನೆಯಾಕೆ ಒಳಗೆ ಬಂದಳು. ಇಬ್ಬರನ್ನೂ ನೋಡಿ ಅವಳಿಗೆ ಸಂಭ್ರಮ. ಕೊನೆಗೂ ಬುಧವಾರ ಸಿಕ್ಕಿತಾ ಎಂದು ಕೇಳಿದಳು.

"ಎಲ್ಲಿ ಸಿಗುತ್ತೆ?" ಎಂದರು ದೊಡ್ಡಮ್ಮ. ದನಿ ಎಂದಿನಂತೆಯೇ ಇತ್ತು. "ಇವತ್ತೂ ಭರ್ತಿನೇ. ಅಷ್ಟು ಜನಾನ ಕಾಯಿಸಿ, ಅಂಗಡಿಗೆ ಬೀಗ ಹಾಕಿ, ನನಗೋಸ್ಕರ ಓಡಿ ಬಂದಿದಾಳೆ."

ಪಕ್ಕದ ಮನೆಯಾಕೆ ಗಲ್ಲದ ಮೇಲೆ ಬೆರಳಿಟ್ಟುಕೊಂಡು ಪುಟ್ಟಕ್ಕನ ಕಡೆ ತಿರುಗಿ, ನಿಜಕ್ಕೂ ಅಷ್ಟು ಜನ ಬರ್ತಾರಾ ಎಂದಳು. ಕುರ್ಚಿಯಲ್ಲಿ ಕೂತ ದೊಡ್ಡಮ್ಮ ಆಗ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು.

"ಹೂಂ" ಎಂದಳು ಪುಟ್ಟಕ್ಕ. "ಬುಧವಾರ ಜಾಗವೇ ಇರಲ್ಲ."