ಒಲ್ಲೆ ಎಂದವರ ಮುಂದಿನ ತಟ್ಟೆ

ನೀಲಾಂಬಿಕಾ ತನ್ನ ಜೀವಮಾನದಲ್ಲಿ ಒಂದು ಗುಟುಕು ಮದ್ಯವನ್ನೂ ಬಾಯಿಗೆ ಹಾಕಿದವಳಲ್ಲ. ಆದರೂ ಟೊರಾಂಟೊದ ಡಿಸ್ಟಿಲರಿ ಡಿಸ್ಟ್ರಿಕ್ಟಿನ ಇಟ್ಟಿಗೆ ಹಾಸಿದ ಓಣಿಗಳಲ್ಲಿ ಜನರನ್ನು ಬಾರಿನಿಂದ ಬಾರಿಗೆ, ಹೋಟೆಲಿನಿಂದ ಹೋಟೆಲಿಗೆ ಕರೆದುಕೊಂಡು ತಿರುಗುವ ಕೆಲಸ ಅವಳಿಗೆ ಬೇಕೇ ಬೇಕಾಗಿತ್ತು.

ಅದಕ್ಕೆ ಕಾರಣವೂ ಇತ್ತು. ಕೆನಡಾಕ್ಕೆ ಬಂದಾಗಿನಿಂದ ಅವಳು ಮಿಸಿಸಾಗದಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಪಟ್ಟಿ ಹಚ್ಚುತ್ತಿದ್ದಳು. ಅಲ್ಲಿ ಯಂತ್ರದ ಸದ್ದಿಗೆ ತನ್ನ ಮಾತು ತನಗೇ ಕೇಳಿಸುತ್ತಿರಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಓದಿದವಳು. ಹಳೆಯ ಗೋಡೆಯೊಂದು ಕಂಡರೆ ಅದರ ಕಥೆಯನ್ನು ಯಾರಿಗಾದರೂ ಹೇಳದೆ ಅವಳಿಗೆ ಸಮಾಧಾನವಿಲ್ಲ. ಮಾತಿಗಾಗಿ ಹಸಿದವರಿಗೆ ಗೋದಾಮು ತಕ್ಕ ಜಾಗವಲ್ಲ.

ಸಂಜೆಯ ಹೊತ್ತು ಪ್ರವಾಸಿಗಳಿಗೆ ಈ ಹಳೆಯ ವಿಸ್ಕಿ ಕಾರ್ಖಾನೆಯ ಬೀದಿಗಳನ್ನು ತೋರಿಸುವ ಒಂದು ಚಿಕ್ಕ ಕಂಪನಿಗೆ ಮಾರ್ಗದರ್ಶಿ ಬೇಕೆಂದು ತಿಳಿದಾಗ ಅವಳು ಅರ್ಜಿ ಹಾಕಿದಳು. ಗಂಡ ಚನ್ನಬಸಯ್ಯ ನಕ್ಕುಬಿಟ್ಟ.

"ಕುಡಿಯೂದಂದ್ರ ಏನಂತ ಗೊತ್ತಿಲ್ಲ, ಬಾರ್ ತೋರಸಾಕ ಹೊಂಟಾಳ. ನಾಳೆ ನಾನೂ ಈಜು ಕಲಸಾಕ ಹೋಗ್ತೇನಿ ತಗೋ" ಎಂದ. ಅವನಿಗೆ ಮೊಣಕಾಲುದ್ದದ ನೀರೆಂದರೂ ಭಯ.

ಕಂಪನಿಯ ಒಡತಿ ಲೂಸಿಯಾ ಪೋರ್ಚುಗಲ್ ಮೂಲದವಳು, ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು. ಕುಡಿಯದವಳಾದರೇನು, ಕಥೆ ಹೇಳಲು ಬಂದರೆ ಸಾಕು ಎಂದು ಅವಳು ಒಪ್ಪಿದಳು. ಆದರೆ ಮೊದಲು ಪರೀಕ್ಷೆಗೆಂದು ಒಂದು ಸಂಜೆ ಗುಂಪನ್ನು ಕರೆದೊಯ್ಯಬೇಕು, ತಾನು ಹಿಂದೆಯೇ ಬರುತ್ತೇನೆ ಎಂದಳು.

ಆ ಸಂಜೆ ನೀಲಾಂಬಿಕಾ ಸೊಗಸಾಗಿಯೇ ಮಾತನಾಡಿದಳು. ಧಾನ್ಯ ಒಣಗಿಸುತ್ತಿದ್ದ ಕಟ್ಟಡ, ಪೀಪಾಯಿಗಳನ್ನು ಉರುಳಿಸುತ್ತಿದ್ದ ಅಂಗಳ, ಈಗ ಅದೇ ಅಂಗಳದಲ್ಲಿ ತೂಗುದೀಪಗಳ ಕೆಳಗೆ ಮೇಜು ಹಾಕಿಕೊಂಡು ಕುಳಿತ ಜನ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದಳು. ತಾನು ಕುಡಿಯುವವಳಲ್ಲವೆಂದು ಮೊದಲೇ ತಿಳಿಸಿದ್ದರಿಂದ ಜನರಿಗೆ ಅವಳ ಮೇಲೆ ನಂಬಿಕೆಯೇ ಹೆಚ್ಚಾಯಿತು. ತಪ್ಪಾದದ್ದು ಮಾತಿನಲ್ಲಲ್ಲ, ಉಪಚಾರದಲ್ಲಿ.

ಅವಳ ತವರುಮನೆ ಬೈಲಹೊಂಗಲದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲಿತ್ತು. ಬಸ್ಸು ತಪ್ಪಿಸಿಕೊಂಡ ಬಂಧುಗಳೂ ಪರಿಚಯದವರೂ ಊಟಕ್ಕೆ ಅಲ್ಲಿಗೇ ಬರುತ್ತಿದ್ದರು. ಅಲ್ಲಿ ಬಡಿಸುವುದಕ್ಕೊಂದು ರೀತಿ ಇತ್ತು. ಮೊದಲ ಸಲ ಕೇಳಿದಾಗಲೇ ಹೂಂ ಎನ್ನುವವನು ಆಸೆಬುರುಕ. ಒಂದೇ ಸಲ ಕೇಳಿ ಸುಮ್ಮನಾಗುವವಳು ಕೈಬಿಗಿಯವಳು. ಅತಿಥಿಯ ಮೊದಲನೆಯ "ಒಲ್ಲೆ" ಮರ್ಯಾದೆಯ ಮಾತು, ಎರಡನೆಯದು ಸಂಕೋಚದ್ದು. ಮೂರನೆಯದಕ್ಕೆ ಮಾತ್ರ ಬೆಲೆ.

ಬಿಯರಿನ ರುಚಿ ತೋರಿಸುವ ಬಾರಿನಲ್ಲಿ ಮುದುಕರೊಬ್ಬರು ತಮ್ಮ ಚಿಕ್ಕ ಲೋಟ ಮುಗಿಸಿ, ಇನ್ನು ಸಾಕು ಎಂದರು. ನೀಲಾಂಬಿಕಾ ನಗುನಗುತ್ತ ಇನ್ನೊಂದು ಲೋಟವನ್ನು ಅವರ ಮುಂದೆ ಸರಿಸಿದಳು. ಅವರು ಮತ್ತೆ ಬೇಡವೆಂದರು. ಇಷ್ಟೇ ಇಷ್ಟು, ನನಗೋಸ್ಕರ ಎಂದು ಅವಳು ಒತ್ತಾಯ ಮಾಡಿದಳು. ಆ ಸಭ್ಯ ಮನುಷ್ಯ ಇವಳ ಮನಸ್ಸು ನೋಯಿಸಬಾರದೆಂದು ಕುಡಿದರು. ಮುಂದಿನ ಬಾರಿನಲ್ಲೂ ಹಾಗೆಯೇ ಆಯಿತು. ಹೊರಗೆ ಬಂದಾಗ ಅವರ ಕಾಲು ಇಟ್ಟಿಗೆಯ ಮೇಲೆ ನಿಲ್ಲದೆ ತಡವರಿಸಿತು. ಹೆಂಡತಿ ಅವರ ತೋಳು ಹಿಡಿದು, ಮುಖ ಬಿಗಿದುಕೊಂಡು, ಟ್ಯಾಕ್ಸಿ ಕರೆಸಿ ಮನೆಗೆ ಕರೆದೊಯ್ದಳು.

ಲೂಸಿಯಾ ರೇಗಲಿಲ್ಲ. ಬೇಡವೆಂದವರಿಗೆ ಮದ್ಯ ಒತ್ತಾಯಿಸುವುದನ್ನು ಇಲ್ಲಿನ ಕಾನೂನು ಒಪ್ಪುವುದಿಲ್ಲ, ತಾನೂ ಒಪ್ಪುವುದಿಲ್ಲ ಎಂದು ಬಿಡಿಸಿ ಹೇಳಿದಳು. ಕುಡಿಯುವುದಕ್ಕಾಗಲಿ ತಿನ್ನುವುದಕ್ಕಾಗಲಿ ಒಂದೇ ಸಲ ಕೇಳಬೇಕು; ಬೇಡವೆಂದರೆ ಮುಂದೆ ನಡೆಯಬೇಕು. ಇನ್ನೊಂದು ಸಂಜೆ ಅವಕಾಶ ಕೊಡುತ್ತೇನೆ, ಅದೇ ಕೊನೆಯದು ಎಂದಳು.

ಮನೆಗೆ ಬಂದ ನೀಲಾಂಬಿಕಾಳಿಗೆ ಊಟ ಸೇರಲಿಲ್ಲ. ಆ ಮುದುಕರ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಚನ್ನಬಸಯ್ಯ ಈ ಸಲ ಚೇಷ್ಟೆ ಮಾಡಲಿಲ್ಲ.

"ನಮ್ಮ ಊರ ಚಾಳಿ ಇಲ್ಲಿ ನಡೆಯೂದಿಲ್ಲ. ಒಂದ ಸಲ ಕೇಳು, ಬಾಯಿ ಮುಚ್ಚಿಕೊಂಡು ನಡಿ. ಇಲ್ಲಂದ್ರ ಆ ಗೋದಾಮು ಇದ್ದ ಐತಿ" ಎಂದ.

ಅವಳೂ ಹಾಗೆಂದೇ ನಿಶ್ಚಯಿಸಿದಳು.

ಎರಡನೆಯ ಸಂಜೆ ಬಂತು. ಬೇಸಿಗೆಯಾದ್ದರಿಂದ ಬಿಸಿಲು ಇನ್ನೂ ಕಟ್ಟಡಗಳ ನೆತ್ತಿಯ ಮೇಲಿತ್ತು. ಗುಂಪಿನಲ್ಲಿ ಮದುವೆಯ ವಾರ್ಷಿಕೋತ್ಸವಕ್ಕೆಂದು ಬಂದ ಒಟ್ಟಾವಾ ನಗರದ ದಂಪತಿಗಳಿದ್ದರು, ಕೆಲವು ಗೆಳತಿಯರಿದ್ದರು. ಅವರ ಹಿಂದೆ, ಇಳಕಲ್ ಸೀರೆಯ ಮೇಲೆ ಕೋಟು ತೊಟ್ಟ ಮುದುಕಿಯೊಬ್ಬಳು, ಅವಳ ಮಗಳು ಜ್ಯೋತ್ಸ್ನಾ, ಅಳಿಯ ಆನಂದಕುಮಾರ. ಅವರು ಅರೋರಾದಲ್ಲಿ ಮನೆ ಮಾಡಿದ್ದವರು. ಊರಿನಿಂದ ಬಂದ ತಾಯಿ ಕಮಲಮ್ಮನಿಗೆ ಹಳೆಯ ಕಟ್ಟಡಗಳನ್ನು ತೋರಿಸಲೆಂದು ಕರೆತಂದಿದ್ದರು.

ಸೀರೆ ಕಂಡು ನೀಲಾಂಬಿಕಾ ಕನ್ನಡದಲ್ಲಿ ಮಾತಾಡಿಸಿದೊಡನೆ ಕಮಲಮ್ಮ ಅವಳ ಪಕ್ಕಕ್ಕೆ ಬಂದುಬಿಟ್ಟಳು.

"ಯಾವೂರವ್ವಾ ನಿಂದು? ಬೈಲಹೊಂಗಲಾ? ನಾವು ಹುಬ್ಬಳ್ಳಿಯವರು. ನೋಡು ತಂಗಿ, ನಮ್ಮೂರಾಗ ಸೆರೆ ಅಂಗಡಿ ಮುಂದ ಮಾರಿ ತಿರುವಿಕೊಂಡು ಹೋಗ್ತಿದ್ದೆ. ಇಲ್ಲಿ ನನ್ನ ಅಳಿಯ ಟಿಕೀಟ್ ತಗಸಿ ಕರಕೊಂಡು ಬಂದಾನ."

"ಅತ್ತಿ, ಇದು ಹೆರಿಟೇಜ್ ಐತ್ರಿ" ಎಂದು ಆನಂದಕುಮಾರ ಸಮಜಾಯಿಷಿ ಕೊಟ್ಟ.

"ಆಗಲ್ಯಪ್ಪಾ, ಹೆರಿಟೇಜ್ ಸೆರೆ" ಎಂದಳು ಕಮಲಮ್ಮ.

ಮೊದಲನೆಯ ಬಾರಿನಲ್ಲಿ ಕಮಲಮ್ಮನ ಮನೆಯವರಿಗೆ ನಿಂಬೆಯ ಪಾನಕ ಬಂತು. ಎರಡನೆಯ ಕಡೆ ಹಸುವಿನ ಹಾಲಿನ ಚೀಸು, ಬ್ರೆಡ್ಡು, ಹಣ್ಣು. ನೀಲಾಂಬಿಕಾ ತಟ್ಟೆಯನ್ನು ಕಮಲಮ್ಮನ ಮುಂದೆ ಹಿಡಿದಳು. "ಒಲ್ಲೆವ್ವಾ, ಸಾಕು" ಎಂದಳು ಕಮಲಮ್ಮ, ಇನ್ನೂ ಏನನ್ನೂ ತಿನ್ನದವಳು. ನೀಲಾಂಬಿಕಾ ಬಾಗಿಲ ಕಡೆಗೆ ನೋಡಿದಳು. ಲೂಸಿಯಾ ಅಲ್ಲಿ ಕೈಕಟ್ಟಿ ನಿಂತಿದ್ದಳು. ನೀಲಾಂಬಿಕಾ ತಟ್ಟೆಯನ್ನು ಒಟ್ಟಾವಾದ ದಂಪತಿಗಳ ಕಡೆಗೆ ದಾಟಿಸಿದಳು. ಕಮಲಮ್ಮನ ಕಣ್ಣು ತಟ್ಟೆಯ ಹಿಂದೆಯೇ ಮೇಜಿನ ಕೊನೆಯವರೆಗೂ ಹೋಗಿ ಬಂದದ್ದನ್ನು ಅವಳು ಕಂಡಳು.

ಹೊರಗೆ ಬಂದ ಮೇಲೆ ಜ್ಯೋತ್ಸ್ನಾ ಮೆಲ್ಲಗೆ ಹೇಳಿಕೊಂಡಳು. ಊಟ ಇಲ್ಲಿಯೇ ಆಗುತ್ತದೆಂದು ಅಮ್ಮ ಮನೆಯಲ್ಲಿ ಏನೂ ಮುಟ್ಟಿಲ್ಲ, ಅಳಿಯನ ಎದುರಿಗೆ ಬಾಯಿಬಿಟ್ಟು ಬೇಕು ಎನ್ನುವವಳೂ ಅಲ್ಲ. ತಾನು ಕೇಳಿದರೆ, ನನಗೇನೂ ಹಸಿವಿಲ್ಲ ಎಂದು ಸಿಡುಕುತ್ತಾಳೆ.

ಕಮಲಮ್ಮನ ನಡಿಗೆ ನಿಧಾನವಾಗಿತ್ತು. ಸಂಗೀತ ಕೇಳಿಬರುತ್ತಿದ್ದ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಒಂದಷ್ಟು ಹೊತ್ತು ಕುಳಿತಳು. ನೀಲಾಂಬಿಕಾ ಹಳೆಯ ಹೊಗೆಗೊಳವೆಯ ಕಥೆ ಹೇಳುತ್ತಿದ್ದಳು, ಆದರೆ ಅವಳ ಮನಸ್ಸು ಕಥೆಯಲ್ಲಿರಲಿಲ್ಲ. ಒತ್ತಾಯ ಮಾಡಿದರೆ ಕೆಲಸ ಹೋಗುತ್ತದೆ. ಮಾಡದಿದ್ದರೆ, ತನ್ನನ್ನು ನಂಬಿ ಬಂದ ಹಿರಿಯಳು ಹಸಿದು ಮನೆಗೆ ಹೋಗುತ್ತಾಳೆ. ಇಂಥ ಸಂಕಟ ಅವಳ ತವರಿನಲ್ಲಿ ಯಾರಿಗೂ ಬಂದಿರಲಿಲ್ಲ.

ಮೂರನೆಯ ಜಾಗದಲ್ಲಿ ಪೆರೋಗಿ ಬಂದವು. ಆಲೂಗಡ್ಡೆ ತುಂಬಿ, ಬೇಯಿಸಿ, ಬೆಣ್ಣೆಯಲ್ಲಿ ಹೊರಳಿಸಿದ ಅವು ನೋಡಲು ನಮ್ಮ ಕಡುಬಿನಂತೆಯೇ ಇರುತ್ತವೆ. ಅವುಗಳಲ್ಲಿ ಮಾಂಸದ ಸೋಂಕಿಲ್ಲವೆಂದು ಅವಳು ಅಡುಗೆಮನೆಯಲ್ಲಿ ವಿಚಾರಿಸಿಕೊಂಡಿದ್ದಳು. ಆನಂದಕುಮಾರನನ್ನೂ ಉಳಿದವರನ್ನೂ ಪಕ್ಕದ ಕೋಣೆಯ ದೊಡ್ಡ ತಾಮ್ರದ ಹಂಡೆಯನ್ನು ನೋಡಿ ಬರಲೆಂದು ಅವಳು ಕಳುಹಿಸಿದಳು. ಬಳಿಕ, ಮಾರ್ಗದರ್ಶಿಗಳು ಎಂದೂ ಮಾಡದ ಕೆಲಸ ಮಾಡಿದಳು. ಕುರ್ಚಿ ಎಳೆದುಕೊಂಡು ಕಮಲಮ್ಮನ ಎದುರಿಗೆ ಕುಳಿತಳು. ಇಬ್ಬರ ನಡುವೆ ಒಂದೇ ತಟ್ಟೆ ಇಟ್ಟಳು. ತಿನ್ನಿರಿ ಎನ್ನಲಿಲ್ಲ.

"ಅವ್ವಾ, ಮಧ್ಯಾಹ್ನದಿಂದ ನಾನೂ ಉಂಡಿಲ್ರಿ. ನೀವು ಹಂಗ ಕುಂತ್ರ ನಾ ಒಬ್ಬಾಕಿನ ಹ್ಯಾಂಗ ಉಣ್ಲಿ?"

ಕಮಲಮ್ಮ ಅವಳ ಮುಖ ನೋಡಿದಳು. ಪಕ್ಕದ ಕೋಣೆಯ ಕಡೆಗೂ ಒಮ್ಮೆ ನೋಡಿದಳು.

"ಹಂಗಂತೀ? ನಿನ್ನ ಸಲುವಾಗಿ ಒಂದು ತಗೋತೇನಿ ನೋಡು."

ಒಂದು ತೆಗೆದುಕೊಂಡಳು. ಆಮೇಲೆ ಇನ್ನೊಂದು. ತಟ್ಟೆ ಬರಿದಾಗಿ ಮತ್ತೊಂದು ಬಂತು. ಇದಕ್ಕೊಂದಿಷ್ಟು ಶೇಂಗಾ ಚಟ್ನಿ ಇದ್ದಿದ್ದರೆ ಈ ಮಂದಿ ಬಿಯರು ಮರೆಯುತ್ತಿದ್ದರು ಎಂದಳು. ಅವಳ ಮುಖಕ್ಕೆ ಕಳೆ ಬಂದಿತ್ತು. ಕೊನೆಯ ಬಾರಿನವರೆಗೂ ಅವಳೇ ಗುಂಪಿನ ಮುಂದೆ ನಡೆದಳು.

ಎಲ್ಲರೂ ಹೋದ ಮೇಲೆ ಲೂಸಿಯಾ ಹತ್ತಿರ ಬಂದಳು. ಆ ಅಜ್ಜಿ ಬೇಡವೆಂದಿದ್ದಳು, ನೀನು ಬಿಡಲಿಲ್ಲ ಎಂದಳು. ನೀಲಾಂಬಿಕಾ ವಾದ ಮಾಡಲಿಲ್ಲ. ಕುಡಿಯಲು ಯಾರನ್ನೂ ಇನ್ನೆಂದೂ ಎರಡನೆಯ ಸಲ ಕೇಳುವುದಿಲ್ಲ, ಆ ಮುದುಕರ ಮೇಲಾಣೆ. ಆದರೆ ಹಸಿದವರೆಂದು ಗೊತ್ತಿದ್ದೂ ತಟ್ಟೆ ದಾಟಿಸುವುದು ತನ್ನಿಂದಾಗದು, ಈ ಕೆಲಸಕ್ಕೆ ಅದು ಸಲ್ಲದಿದ್ದರೆ ನಾಳೆ ಗೋದಾಮಿಗೆ ಹೋಗುತ್ತೇನೆ ಎಂದಳು.

ಹಸಿದವರು ಯಾರೆಂದು ಪ್ರತಿ ಸಲವೂ ನಿನಗೆ ತಿಳಿಯುತ್ತದೆಯೇ ಎಂದು ಲೂಸಿಯಾ ಕೇಳಿದಳು.

ತಿಳಿಯುವುದಿಲ್ಲ ಎಂದಳು ನೀಲಾಂಬಿಕಾ. ತಿಳಿಯದಿದ್ದಾಗ ಅವರ ಮಾತನ್ನೇ ನಂಬುತ್ತೇನೆ.

ಮೇಲಿನ ಮಹಡಿಯಲ್ಲಿ ಯಾರೋ ಸ್ಯಾಕ್ಸೊಫೋನ್ ಊದುತ್ತಿದ್ದರು. ಗುರುವಾರದ ಗುಂಪು ನಿನ್ನದು ಎಂದಳು ಲೂಸಿಯಾ. ಒಂದೇ ಷರತ್ತು: ಇನ್ನು ಮೇಲೆ ಲೋಟಗಳನ್ನು ಬಾರಿನವರೇ ಕೊಡಲಿ, ನೀನು ತಟ್ಟೆ ನೋಡಿಕೋ.

ಗುರುವಾರ ನೀಲಾಂಬಿಕಾ ಹೊಸ ಗುಂಪಿನೊಡನೆ ಬಿಯರಿನ ಬಾರಿಗೆ ಹೋದಳು. ಲೋಟ ಹಂಚುತ್ತಿದ್ದ ಹುಡುಗಿ ಒಬ್ಬನನ್ನು ಕೇಳಿದಳು, ಅವನು ಬೇಡವೆಂದ. ಅವಳು ಮುಂದೆ ಹೋದಳು. ನೀಲಾಂಬಿಕಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೆರಳುಗಳನ್ನು ಬಿಗಿಯಾಗಿ ಹೆಣೆದುಕೊಂಡು, ಪೀಪಾಯಿಗಳ ಕಥೆಯನ್ನು ಮುಂದುವರಿಸಿದಳು.